ಶಹರೋಮನ ಮನೆ ಓಪನ್

ಶಹರೋಮನ ಮನೆಯ ಗೇಟು ಆ ಶನಿವಾರ ಬೆಳಿಗ್ಗೆ ಎಂಟೂಕಾಲಿಗೆ ತೆರೆದುಕೊಂಡಿತು. ಮತ್ತೆ ಮುಚ್ಚಲಿಲ್ಲ.

ಗೇಟನ್ನು ಬೈದು ಪ್ರಯೋಜನವಿಲ್ಲ. ತುಕ್ಕು ಹಿಡಿದ ಹಳಿಯ ಮೇಲೆ ಹದಿಮೂರು ವರ್ಷ ಕಿರುಗುಟ್ಟುತ್ತ ಓಡಾಡಿದ ಜೀವ ಅದು. ಹೆಂಡತಿ ಜಲೇಹಾ ಕಾರಿನಲ್ಲಿ ಕೂತು ಹಾರ್ನ್ ಒತ್ತುತ್ತ, "ಬೇಗ ತಳ್ರೀ, ಮುಟ್ಟಿದ್ರೆ ನೋಯುತ್ತಾ ಅದಕ್ಕೆ?" ಎಂದಳು. ಶಹರೋಮ್ ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ತಳ್ಳಿದ. ಗೇಟು ಹಳಿ ತಪ್ಪಿ, ಗೋಡೆಗೆ ಒರಗಿ, ಇನ್ನು ನನ್ನ ಕೈಲಾಗದು ಎನ್ನುವಂತೆ ಕೂತುಬಿಟ್ಟಿತು.

ಜಲೇಹಾ ಕಾರಿನ ಗಾಜು ಇಳಿಸಿದಳು. "ಅಕ್ಕನ್ನ ಕರ್ಕೊಂಡು ಸಂಜೆ ಐದಕ್ಕೆ ಬಂದ್ಬಿಡ್ತೀನಿ. ಅಷ್ಟರಲ್ಲಿ ಇದನ್ನ ರಿಪೇರಿ ಮಾಡ್ಸಿ. ಅಡಿಗೆಮನೆ ಕಡೆ ತಲೆ ಹಾಕ್ಬೇಡಿ. ರೆಂಡಾಂಗ್ ಪಾತ್ರೆ ಮುಚ್ಚಳ ತೆಗೆದ್ರೋ, ನಾಳೆ ಬೀಗರ ಮುಂದೆ ನಾನಂತೂ ಕೂರಲ್ಲ. ನೀವೇ ಉತ್ತರ ಹೇಳ್ಕೊಳ್ಳಿ."

"ಒಂದು ಚೂರು ರುಚಿ ನೋಡೋದಾ?"

"ನಾಳೆ ನೋಡಿ," ಎಂದವಳೇ ಹೊರಟುಹೋದಳು.

ನಾಳೆ ಎಂದರೆ ಸಣ್ಣ ದಿನವಲ್ಲ. ಮಗಳು ನಜೀಹಾ ಕ್ವಾಲಾಲಂಪುರದ ಒಂದು ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವ ಕೆಲಸದಲ್ಲಿದ್ದಳು. ಅಲ್ಲೇ ಫಿರ್ದೌಸ್ ಎಂಬ ಹುಡುಗನನ್ನು ಮೆಚ್ಚಿಕೊಂಡು ಮೂರು ವರ್ಷವಾಗಿತ್ತು. ಹುಡುಗನದು ಕ್ವಾಲಾ ಕಾಂಗ್ಸಾರಿನ ಹಳೆಯ ಮನೆತನ. ಭಾನುವಾರ ಹನ್ನೊಂದಕ್ಕೆ ಎಂಟು ಜನ ಹೆಣ್ಣು ಕೇಳಲು ಬರುವವರಿದ್ದರು. ಇದೇ ಜನ ಹುಡುಗನ ಅಣ್ಣನಿಗೆ ಹೆಣ್ಣು ನೋಡುವಾಗ ಒಂದು ಮನೆಯಿಂದ ಪರದೆ ಕೊಳಕಾಗಿದೆಯೆಂದು, ಇನ್ನೊಂದು ಮನೆಯಿಂದ ಚಹಾ ತಣ್ಣಗಿತ್ತೆಂದು ಎದ್ದು ಬಂದವರು ಎಂಬ ಸುದ್ದಿ ನಮ್ಮೂರು ತೈಪಿಂಗಿಗೆ ಮುಂಚೆಯೇ ಬಂದು ತಲುಪಿತ್ತು. ಅದಕ್ಕೇ ಜಲೇಹಾ ಎರಡು ದಿನ ಒಲೆಯ ಮುಂದೆ ನಿಂತು ಏಳು ಕೋಳಿಯ ರೆಂಡಾಂಗ್ ಮಾಡಿಟ್ಟಿದ್ದಳು. ತೆಂಗಿನ ಹಾಲು ಇಂಗಿ ಎಣ್ಣೆ ಬಿಡುವವರೆಗೆ ಕಲಕಿ ಕಲಕಿ ಅವಳ ಬಲಗೈ ಮೇಲಕ್ಕೆ ಏಳುತ್ತಿರಲಿಲ್ಲ. ತೆಂಗಿನ ಗರಿಯಲ್ಲಿ ಕಟ್ಟಿ ಬೇಯಿಸಿದ ಅನ್ನದ ಕೆತುಪಾಟುಗಳು ಅರವತ್ತು, ನಡುಮನೆಯಲ್ಲಿ ಸಾಲಾಗಿ ಒಂಬತ್ತು ಡಬ್ಬಿ ಬಿಸ್ಕತ್ತು.

ಹಿಂದಿನ ದಿನ ನಜೀಹಾ ಫೋನು ಮಾಡಿ ಹೇಳಿದ್ದಳು: "ಅಪ್ಪಾ, ನೀನು ಏನೂ ಮಾಡ್ಬೇಡ. ಸುಮ್ನೆ ಇದ್ಬಿಡು. ಸುಮ್ನೆ ಇರೋದು ನಿಂಗೆ ಬರುತ್ತೆ ತಾನೇ?"

"ಬರುತ್ತೆ ಕಣಮ್ಮ," ಎಂದು ಶಹರೋಮ್ ಮಾತು ಕೊಟ್ಟಿದ್ದ. ಮಗಳೆಂದರೆ ಅವನಿಗೆ ಪ್ರಾಣ. ಅವಳಿಗಾಗಿ ಒಂದು ದಿನ ಏನೂ ಮಾಡದೆ ಇರುವುದು ದೊಡ್ಡ ವಿಷಯವೇನಲ್ಲ ಎಂದುಕೊಂಡಿದ್ದ.

ಇಲ್ಲಿ ಒಂದು ಮಾತು ಹೇಳಬೇಕು. ಓಪನ್ ಎನ್ನುವ ಇಂಗ್ಲಿಷ್ ಪದ ನಮ್ಮ ತೈಪಿಂಗಿನಲ್ಲಿ ಮಾಡದ ಕೆಲಸವಿಲ್ಲ. ದೀಪ ಹಚ್ಚುವುದು ಓಪನ್, ಫ್ಯಾನು ಹಾಕುವುದು ಓಪನ್. ಅಂಗಿ ಬಿಚ್ಚುವುದು, ಷೂ ಕಳಚುವುದು, ಟೀವಿ ಹಾಕುವುದು, ಸಂಜೆ ಉಪವಾಸ ಬಿಡುವುದು ಎಲ್ಲವೂ ಓಪನ್ನೇ. ಎದೆಯ ಆಪರೇಷನ್ ಮಾಡಿಸಿಕೊಂಡು ಬಂದವನನ್ನು "ಓಪನ್ ಆಯ್ತಾ?" ಎಂದು ವಿಚಾರಿಸುತ್ತೇವೆ. ಆದರೆ ರಂಜಾನ್ ಉಪವಾಸ ಮುಗಿದು ಹರಿರಾಯ ಹಬ್ಬದ ತಿಂಗಳು ಬಂತೆಂದರೆ ಈ ಪದ ಉಳಿದ ಕೆಲಸಗಳಿಗೆಲ್ಲ ರಜೆ ಹಾಕುತ್ತದೆ. ಆಗ ಬೀದಿಯಲ್ಲಿ ಕೇಳುವುದು ಒಂದೇ ಪ್ರಶ್ನೆ: ಇವತ್ತು ಯಾರ ಮನೆ ಓಪನ್? ಗೇಟು ತೆರೆದಿದ್ದು, ಬಾಗಿಲ ಮುಂದೆ ಐದಾರು ಜೊತೆ ಚಪ್ಪಲಿ ಬಿದ್ದಿದ್ದರೆ ಆ ಮನೆ ಓಪನ್. ಒಳಗೆ ಹೋಗುವುದು, ಕೈ ಮುಟ್ಟಿ ನಮಸ್ಕಾರ ಹೇಳುವುದು, ತಟ್ಟೆ ತೆಗೆದುಕೊಳ್ಳುವುದು. ಕರೆದಿರಬೇಕೆಂದಿಲ್ಲ, ಗುರುತು ಇರಬೇಕೆಂದಿಲ್ಲ. ಹಬ್ಬದಲ್ಲಿ ಮನೆಗೆ ಬಂದವರನ್ನು "ನೀವು ಯಾರು?" ಎಂದು ಕೇಳುವಷ್ಟು ಮರ್ಯಾದೆಗೆಟ್ಟವರು ನಮ್ಮೂರಲ್ಲಿ ಇಲ್ಲ.

ಶಹರೋಮನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಅದಕ್ಕೇ ಅವನು ಮೊದಲು ಗೇಟು ರಿಪೇರಿಯವನಿಗೆ ಫೋನು ಮಾಡಿದ. "ಮಳೆ ನಿಂತ ಮೇಲೆ ಬರ್ತೀನಿ," ಎಂದ ಅವನು. ಮಳೆ ಇನ್ನೂ ಶುರುವೇ ಆಗಿರಲಿಲ್ಲ. ತೈಪಿಂಗಿನಲ್ಲಿ ಮಳೆ ಮಧ್ಯಾಹ್ನ ಮೂರಕ್ಕೆ ಬರುತ್ತದೆ.

ಆಮೇಲೆ ಬಲಗಡೆ ಮನೆಯ ಲೆಚ್ಚುಮಣನ್ ಬಂದರು. ಇವರು ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರಾಗಿ ನಿವೃತ್ತರಾದವರು. ಹಳಿ ತಪ್ಪಿದ ಯಾವುದನ್ನು ನೋಡಿದರೂ ಅವರಿಗೆ ಕೈ ಕಟ್ಟಿ ನಿಲ್ಲಲಾಗುವುದಿಲ್ಲ.

"ಒಬ್ಬನೇ ಎತ್ತೋಕೆ ಇದೇನು ಊಟದ ಎಲೇನಾ? ತಡಿ, ಅಳಿಯಂದಿರನ್ನ ಕರೀತೀನಿ," ಎಂದರು.

ಮೂವರು ಅಳಿಯಂದಿರು, ಅವರ ಇಬ್ಬರು ತಮ್ಮಂದಿರು ಬಂದು ಅರ್ಧ ಗಂಟೆ ಗೇಟಿನೊಂದಿಗೆ ಗುದ್ದಾಡಿದರು. ಗೇಟು ಅಲುಗಲಿಲ್ಲ. ಅಳಿಯಂದಿರು ಬೆವರಿದರು. ಬೆವರಿದವರಿಗೆ ನೀರು ಕೊಡದೆ ಇರಲಾದೀತೇ? ಎಲ್ಲರೂ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು. ಶಹರೋಮ್ ನೀರು ಕೊಟ್ಟ. ಬರೀ ನೀರು ಕೊಡುವುದು ಹೇಗೆಂದು ಒಂದು ಡಬ್ಬಿ ಬಿಸ್ಕತ್ತು ತೆಗೆದ. ಒಂಬತ್ತರಲ್ಲಿ ಒಂದು ಹೋದರೆ ಜಲೇಹಾಗೆ ತಿಳಿಯಲಾರದು.

ಬೀದಿಯಲ್ಲಿ ಹೋಗುತ್ತಿದ್ದ ಒಂದು ಬಿಳಿ ಕಾರು ನಿಧಾನವಾಯಿತು. ಅದರಲ್ಲಿದ್ದವರು ತೆರೆದ ಗೇಟು ನೋಡಿದರು, ಬಾಗಿಲ ಮುಂದಿನ ಆರು ಜೊತೆ ಚಪ್ಪಲಿ ನೋಡಿದರು. ಕಾರು ನಿಂತಿತು. ಗಂಡ, ಹೆಂಡತಿ, ನಾಲ್ಕು ಮಕ್ಕಳು, ಒಬ್ಬ ಅತ್ತೆ, ಎಲ್ಲರೂ ಒಂದೇ ನೇರಳೆ ಬಣ್ಣದ ಹಬ್ಬದ ಬಟ್ಟೆಯಲ್ಲಿ ಇಳಿದರು.

"ಸೆಲಾಮತ್ ಹರಿರಾಯ! ಬರೋದು ತಡವಾಯ್ತು, ತಪ್ಪು ತಿಳ್ಕೋಬೇಡಿ!" ಎಂದು ಗಂಡ ಎರಡೂ ಕೈಯಿಂದ ಶಹರೋಮನ ಕೈ ಹಿಡಿದ.

ಶಹರೋಮ್ ಅವನ ಮುಖ ನೋಡಿದ. ಈ ಮುಖವನ್ನು ಎಲ್ಲೂ ಕಂಡ ನೆನಪಿಲ್ಲ. ಜಲೇಹಾಳ ಕಡೆಯ ನೆಂಟರಿರಬಹುದು. ಅವಳ ಕಡೆ ನೆಂಟರು ನೂರಾ ನಲವತ್ತು ಜನ. ಅವರಲ್ಲಿ ಒಬ್ಬರನ್ನು ಗುರುತಿಸದೆ ಹೋಗಿದ್ದಕ್ಕೆ ಮದುವೆಯಾದ ಹೊಸದರಲ್ಲಿ ಅವಳು ಹದಿನೈದು ದಿನ ಮಾತು ಬಿಟ್ಟಿದ್ದಳು.

"ಬನ್ನಿ ಬನ್ನಿ," ಎಂದ.

ಅತ್ತೆ ಗಾಳಿಯನ್ನು ಮೂಸಿದರು. "ರೆಂಡಾಂಗ್ ಘಮಾ ಅಂತಿದೆಯಲ್ಲಪ್ಪಾ! ಕಾರಲ್ಲಿ ಕೂತಾಗ್ಲೇ ನಂಗೆ ಗೊತ್ತಾಯ್ತು."

ಶಹರೋಮ್ ಅಡಿಗೆಮನೆಗೆ ಹೋಗಿ ಪಾತ್ರೆಯ ಮುಂದೆ ಒಂದು ನಿಮಿಷ ನಿಂತ. ಏಳು ಜನಕ್ಕೆ ಏಳು ತುಂಡು. ಮೇಲುಮೇಲಿನಿಂದ ತೆಗೆದು ಸೌಟಿನಿಂದ ಸಮ ಮಾಡಿಬಿಟ್ಟರೆ ತಿಳಿಯುವುದಿಲ್ಲ. ಮುಚ್ಚಳ ತೆಗೆದ. ತಟ್ಟೆಗಳನ್ನು ಹೊತ್ತು ಹೊರಗೆ ಬಂದರೆ ಲೆಚ್ಚುಮಣನ್ ಅಳಿಯಂದಿರೂ ಕೈ ತೊಳೆದು ಕೂತಿದ್ದರು.

"ಮೊದ್ಲೇ ಹೇಳ್ಬಾರದಾ ಇವತ್ತು ಓಪನ್ ಅಂತ," ಎಂದರು ಲೆಚ್ಚುಮಣನ್, ಸ್ವಲ್ಪ ಬೇಸರದಿಂದಲೇ. "ಹೇಳಿದ್ರೆ ಗೇಟನ್ನ ಮುಚ್ಚೋಕೆ ಅಷ್ಟು ಒದ್ದಾಡ್ತಿದ್ವಾ?"

"ಓಪನ್ ಅಲ್ಲ ಸಾರ್, ಅದು..."

"ಸುಮ್ನಿರು, ನಂಗೆ ಗೊತ್ತಾಗಲ್ವಾ. ಪಾರ್ಕಿಂಗ್ ನಂಗೆ ಬಿಡು." ಅವರು ಮನೆಗೆ ಹೋಗಿ ಹಳೆಯ ರೈಲ್ವೆ ಸೀಟಿಯನ್ನೂ ಹಸಿರು ಬಾವುಟವನ್ನೂ ತಂದು ಬೀದಿಯ ಮೂಲೆಯಲ್ಲಿ ನಿಂತರು. ಸೀಟಿ ಊದಿ ಬಾವುಟ ಬೀಸಿದ ಮೇಲೆ ಯಾವ ಕಾರು ತಾನೇ ನೇರವಾಗಿ ಹೋದೀತು? ಎಲ್ಲವೂ ಶಹರೋಮನ ಮನೆಯ ಕಡೆಗೆ ತಿರುಗತೊಡಗಿದವು.

ಹತ್ತೂವರೆಗೆ ಎಡಗಡೆ ಮನೆಯ ಸ್ಯೂ ಲಾನ್ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲಿ ನಿಂತಳು. ಐವತ್ತೆಂಟು ವರ್ಷದ ಈ ಹೆಂಗಸು ದಿನಾ ಬೆಳಿಗ್ಗೆ ಕೆರೆ ಉದ್ಯಾನದಲ್ಲಿ ಮೂವತ್ತು ಜನಕ್ಕೆ ವ್ಯಾಯಾಮ ಮಾಡಿಸುತ್ತಾಳೆ. ಆ ದನಿಯೇ ಎಲ್ಲ ಕಡೆಗೂ.

"ಅಯ್ಯೋ ಶಹರೋಮ್! ಹತ್ತೊಂಬತ್ತು ವರ್ಷದಿಂದ ಪಕ್ಕದ ಮನೆ, ಊರಿಗೆಲ್ಲಾ ಓಪನ್ನು, ನಂಗೆ ಮಾತ್ರ ಕ್ಲೋಸಾ? ನಾನೇನ್ ತಪ್ಪು ಮಾಡ್ದೆ?"

"ತಪ್ಪು ತಿಳ್ಕೋಬೇಡ ಸ್ಯೂ ಲಾನ್. ನಿಜವಾಗ್ಲೂ ನಾನು ಯಾರ್ನೂ ಕರೆದಿಲ್ಲ."

"ಕರೆದಿಲ್ಲಾಂದ್ರೆ ಇಷ್ಟು ಜನ ಬಂದಿದಾರೆ! ಕರೆದಿದ್ರೆ ಏನಾಗ್ತಿತ್ತು! ಜಲೇಹಾ ಬೇರೆ ಊರಲ್ಲಿಲ್ಲ, ಒಬ್ನೇ ಹೆಂಗ್ ಮಾಡ್ತೀಯ? ಹೆದರ್ಬೇಡ, ನಾನಿದೀನಿ."

ಅವಳಿದ್ದಾಳೆ ಎನ್ನುವುದೇ ಶಹರೋಮನ ಹೆದರಿಕೆಯಾಗಿತ್ತು. ಕಾಲು ಗಂಟೆಯಲ್ಲಿ ಅವಳ ಮನೆಯಿಂದ ಕುರ್ಚಿಗಳು ಬಂದವು, ಚೀನೀ ಹೊಸ ವರ್ಷಕ್ಕೆ ಕಟ್ಟುವ ಕೆಂಪು ಲಾಟೀನುಗಳು ಅಂಗಳದಲ್ಲಿ ತೂಗಾಡಿದವು. ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ "ನಂಬರ್ ಹದಿನೇಳು ಓಪನ್, ರೆಂಡಾಂಗ್ ಸೂಪರ್" ಎಂಬ ಸಂದೇಶ ಬಿತ್ತು. ವ್ಯಾಯಾಮದವರು ಮೂವತ್ತು ಜನವೂ ಬಂದರು.

ಶಹರೋಮ್ ಕಡೆಗೂ ಗಟ್ಟಿ ಮನಸ್ಸು ಮಾಡಿದ. ಗೇಟಿಗೆ ಹೋಗಿ ನಿಂತು, ಬರುವವರಿಗೆಲ್ಲ ಇದು ಓಪನ್ ಅಲ್ಲವೆಂದು ನೇರವಾಗಿ ಹೇಳಿಬಿಡುವುದು. ಮಗಳ ಬಾಳಿನ ಪ್ರಶ್ನೆ, ನಾಚಿಕೆ ಪಟ್ಟರೆ ಆಗದು. ಎದೆ ಸೆಟೆಸಿ ಗೇಟಿಗೆ ಹೋದ. ಎದುರಿಗೆ ಮಸೀದಿಯ ಇಮಾಮರು ಹನ್ನೆರಡು ಜನರೊಂದಿಗೆ ಬರುತ್ತಿದ್ದರು.

"ಶಹರೋಮ್, ನಿನ್ನ ಬಗ್ಗೆ ನಂಗೆ ತಪ್ಪು ಅಭಿಪ್ರಾಯ ಇತ್ತಪ್ಪ," ಎಂದು ಇಮಾಮರು ಅವನ ಹೆಗಲ ಮೇಲೆ ಕೈಯಿಟ್ಟರು. "ಯಾರ ಜೊತೇನೂ ಬೆರೆಯದ ಮನುಷ್ಯ ಅಂದ್ಕೊಂಡಿದ್ದೆ. ಇವತ್ತು ನೋಡು, ಊರಿಗೇ ಬಾಗಿಲು ತೆರೆದಿದೀಯ. ಅದ್ಸರಿ, ಏನೋ ಹೇಳೋಕೆ ಹೊರಟ ಹಾಗಿತ್ತು?"

"ಏನಿಲ್ಲ ಸ್ವಾಮಿ," ಎಂದ ಶಹರೋಮ್. "ಚಪ್ಪಲಿ ಈ ಕಡೆ ಬಿಡಿ ಅಂತ."

ಹೀಗೆ ಅವನ ಗಟ್ಟಿ ಮನಸ್ಸು ಮುಗಿಯಿತು.

ತಟ್ಟೆಗಳು ಸಾಲದಾದವು. ಅಡಿಗೆಮನೆಯಲ್ಲಿ ತೊಳೆಯುವ ರಾಶಿ ಕಿಟಕಿಯವರೆಗೆ ಬೆಳೆದಿತ್ತು. ಅದೇ ಹೊತ್ತಿಗೆ ಹಿತ್ತಿಲ ಬಾಗಿಲಲ್ಲಿ ಒಬ್ಬ ಮುದುಕಿ ನಿಂತು ಒಳಗೆ ಇಣುಕುತ್ತಿದ್ದಳು. ಬಣ್ಣ ಮಾಸಿದ ಬಾತಿಕ್ ಲುಂಗಿ, ಕೈಯಲ್ಲಿ ಒಂದು ಕೊಡೆ. ಸ್ಯೂ ಲಾನ್ ಯಾರನ್ನೋ ಕೆಲಸಕ್ಕೆ ಕರೆಸಿದ್ದಾಳೆ, ಪುಣ್ಯಾತ್ಗಿತ್ತಿ, ಎಂದುಕೊಂಡ ಶಹರೋಮ್.

"ಬನ್ನಿ ಮಕ್‌ಚಿಕ್, ಸರಿಯಾದ ಹೊತ್ತಿಗೆ ಬಂದ್ರಿ," ಎಂದು ಚಿಕ್ಕಮ್ಮನನ್ನು ಕರೆಯುವಂತೆ ಕರೆದು, ಸೋಪು, ನಾರು ಎರಡನ್ನೂ ಅವಳ ಕೈಗೆ ಕೊಟ್ಟ. "ಮೊದ್ಲು ತಟ್ಟೆ, ಆಮೇಲೆ ಲೋಟ."

ಮುದುಕಿ ಒಂದು ಕ್ಷಣ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಕೊಡೆಯನ್ನು ಕಿಟಕಿಯ ಸರಳಿಗೆ ತೂಗುಹಾಕಿ, ತೋಳು ಮಡಚಿ, ನಲ್ಲಿ ತಿರುಗಿಸಿದಳು. ಕೆಲಸ ಬಲ್ಲ ಕೈ. ಸ್ಯೂ ಲಾನ್ ಒಳಗೆ ಬಂದವಳು ಅವಳನ್ನು ನೋಡಿ, ಶಹರೋಮನ ಕಡೆಯ ನೆಂಟರಿರಬೇಕೆಂದು ತಲೆಬಾಗಿ ಹೋದಳು.

ಮಧ್ಯಾಹ್ನ ಎರಡಕ್ಕೆ ಗಂಡಹೆಂಡಿರಿಬ್ಬರು ಬಂದರು. ಇಸ್ತ್ರಿ ಮುರಿಯದ ತಿಳಿಹಸಿರು ಬಟ್ಟೆ, ಚಿನ್ನದ ಅಂಚಿನ ಕನ್ನಡಕ. ಗಂಡಸು ತಟ್ಟೆ ತೆಗೆದುಕೊಳ್ಳಲಿಲ್ಲ. ಗೋಡೆ ನೋಡಿದ, ಸೂರು ನೋಡಿದ, ಪರದೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ.

ಪರದೆ! ಶಹರೋಮನಿಗೆ ಹೊಳೆಯಿತು. ಹಳೆಯ ಮನೆತನದವರು ಹೆಣ್ಣು ಕೇಳಲು ಬರುವ ಮುಂಚೆ ಯಾರನ್ನಾದರೂ ಸದ್ದಿಲ್ಲದೆ ಕಳಿಸಿ ಮನೆ ನೋಡಿಸುತ್ತಾರೆಂದು ಜಲೇಹಾಳ ಅಕ್ಕ ಹೇಳಿದ್ದಳು. ಅವನು ಓಡಿಹೋಗಿ ಸೋಫಾದಲ್ಲಿ ಕೂತಿದ್ದ ಲೆಚ್ಚುಮಣನ್ ಅಳಿಯಂದಿರನ್ನು ಎಬ್ಬಿಸಿ, ದಂಪತಿಗಳನ್ನು ಕೂರಿಸಿ, ಪಾತ್ರೆಯ ತಳ ಕೆರೆದು ಉಳಿದಿದ್ದ ನಾಲ್ಕು ತುಂಡು ರೆಂಡಾಂಗನ್ನೂ ಅವರ ಮುಂದಿಟ್ಟ. ಚಹಾ ಕುದಿಯುತ್ತಿದ್ದಂತೆಯೇ ತಂದುಕೊಟ್ಟ. ಗಂಡಸು ನಾಲಗೆ ಸುಟ್ಟುಕೊಂಡ.

"ಮನೇಲಿ ಎಷ್ಟು ಜನ?" ಎಂದು ಕೇಳಿದ.

"ನಾನು, ಹೆಂಡ್ತಿ. ಒಬ್ಳೇ ಮಗಳು. ಬಂಗಾರದಂಥ ಹುಡುಗಿ. ಜೋರಾಗಿ ಮಾತಾಡಲ್ಲ, ಎಲ್ಲಾ ಕೆಲಸ ಬರುತ್ತೆ."

"ಸಂತೋಷ. ಕುಡಿಯೋ ನೀರು ಕುದಿಸ್ತೀರಾ?"

"ಎರಡು ಸಲ ಕುದಿಸ್ತೀವಿ!"

"ಎರಡು ಸಲ ಕುದಿಸಿದ್ರೂ ತುಕ್ಕು ಹೋಗಲ್ಲ ಸಾರ್," ಎಂದು ಗಂಡಸು ಮರುಕದಿಂದ ತಲೆಯಾಡಿಸಿ, ಸೋಫಾದ ಹಿಂದಿಟ್ಟಿದ್ದ ಚೀಲದಿಂದ ಒಂದು ಬಿಳಿ ಕೊಳವೆ ತೆಗೆದ. "ಇದು ಆರು ಪದರದ ಫಿಲ್ಟರ್. ಒಂದು ಲೋಟ ನೀರು ತನ್ನಿ, ಈಗ್ಲೇ ತೋರಿಸ್ತೀನಿ."

ಅವನ ಹೆಂಡತಿ ಆಗಲೇ ಕೊನೆಯ ತುಂಡು ರೆಂಡಾಂಗ್ ಮುಗಿಸಿ ಮೂಳೆ ಚೀಪುತ್ತಿದ್ದಳು.

ಸರಿಯಾಗಿ ಮೂರಕ್ಕೆ ಮಳೆ ಬಂತು. ತೈಪಿಂಗಿನ ಮಳೆ ಶುರುವಾದರೆ ಎದುರು ಮನೆ ಕಾಣುವುದಿಲ್ಲ. ಹೊರಡಲು ಎದ್ದಿದ್ದ ನಲವತ್ತು ಜನ ಮತ್ತೆ ಕೂತರು. ಅಂಗಳದಲ್ಲಿದ್ದವರು ಒಳಗೆ ನುಗ್ಗಿದರು. ಹೊಸಬರು ಇಪ್ಪತ್ತು ಜನ ತೊಯ್ದುಕೊಂಡು ಬಂದು, ತಟ್ಟೆ ಹಿಡಿದು ಅಡಿಗೆಮನೆಯ ಕಡೆ ನೋಡುತ್ತ ನಿಂತರು.

ಶಹರೋಮ್ ಖಾಲಿ ಪಾತ್ರೆಯ ಪಕ್ಕದಲ್ಲಿ ನೆಲದ ಮೇಲೆ ಕುಸಿದು ಕೂತ.

"ಮುಗೀತಾ?" ಎಂದಳು ತಟ್ಟೆ ಒರೆಸುತ್ತಿದ್ದ ಮುದುಕಿ.

"ಎಲ್ಲಾ ಮುಗೀತು ಮಕ್‌ಚಿಕ್. ನನ್ನ ಕತೇನೂ ಮುಗೀತು."

"ಹೊರಗೆ ಜನ ತಟ್ಟೆ ಹಿಡ್ಕೊಂಡು ನಿಂತಿದಾರೆ. ನೆಲದ ಮೇಲೆ ಕೂತ್ರೆ ಅನ್ನ ಹುಟ್ಟುತ್ತಾ? ಏಳು. ಆ ಬೀರುನಲ್ಲಿ ಏನಿದೆ?"

ಬೀರುವಿನಲ್ಲಿ ಡಬ್ಬಿಯಲ್ಲಿ ಬರುವ ಸಾರ್ಡೀನ್ ಮೀನು ಇತ್ತು, ಹದಿನೆಂಟು ಡಬ್ಬಿ. ಜಲೇಹಾ ತವರಿಗೆ ಹೋದಾಗಲೆಲ್ಲ ಶಹರೋಮ್ ಗುಟ್ಟಾಗಿ ಮಾಡಿಕೊಂಡು ತಿನ್ನುತ್ತಿದ್ದ ಊಟ ಅದು. ಓದುವ ಕಾಲದಲ್ಲಿ ಹಾಸ್ಟೆಲಿನಲ್ಲಿ ಕಲಿತದ್ದು. ಮುದುಕಿ ಅಕ್ಕಿ ತೊಳೆದು ದೊಡ್ಡ ಪಾತ್ರೆಯಲ್ಲಿ ಅನ್ನಕ್ಕಿಟ್ಟಳು. ಶಹರೋಮ್ ಈರುಳ್ಳಿ ಹೆಚ್ಚಿದ, ಮೆಣಸಿನಕಾಯಿ ಅರೆದ, ಹುಣಿಸೆಹಣ್ಣು ಹಿಂಡಿದ. ಬಾಣಲೆಯಲ್ಲಿ ಎಣ್ಣೆ ಕಾದು ಮೆಣಸಿನ ಘಾಟು ಎದ್ದಾಗ ಅವನ ಬಾಯಿಯೂ ಸಡಿಲವಾಯಿತು. ಬೆಳಗಿನಿಂದ ತುಂಬಿಕೊಂಡಿದ್ದನ್ನೆಲ್ಲ ಗುರುತಿಲ್ಲದ ಆ ಮುದುಕಿಯ ಮುಂದೆ ಸುರಿದುಬಿಟ್ಟ.

"ನಾಳೆ ಮಗಳನ್ನ ಕೇಳೋಕೆ ಬರ್ತಾರೆ ಮಕ್‌ಚಿಕ್. ಅವ್ರಿಗಂತ ಮಾಡಿಟ್ಟಿದ್ದು ಅದು. ಅವ್ರೋ, ಮೂಗು ಮುಗಿಲಲ್ಲಿ ಇಟ್ಕೊಂಡಿರೋ ಜನ. ಚಹಾ ತಣ್ಣಗಿದೆ ಅಂತ ಸಂಬಂಧ ಬಿಟ್ಟವರು."

"ಹಂಗಾ? ಯಾರಂದ್ರು?"

"ಊರಿಗೇ ಗೊತ್ತು. ಅವ್ರ ಮನೇಲಿ ಒಬ್ಳು ಅಜ್ಜಿ ಇದಾಳಂತೆ, ಅವಳು ಕೆಮ್ಮಿದ್ರೆ ಮನೆ ಮಂದಿಯೆಲ್ಲಾ ಎದ್ದು ನಿಲ್ತಾರಂತೆ."

"ಪಾಪ," ಎಂದಳು ಮುದುಕಿ. "ನಿನ್ನ ಹೆಂಡ್ತಿ ಏನಂತಾಳೆ ಈಗ?"

"ಅವಳಾ! ಅವಳು ಏನೂ ಅನ್ನಲ್ಲ. ಮೆಲ್ಲಗೆ ಮಾತಾಡ್ತಾಳೆ. ಅವಳು ಮೆಲ್ಲಗೆ ಮಾತಾಡಿದ್ರೆ ನಂಗೆ ಜ್ವರ ಬರುತ್ತೆ." ಶಹರೋಮ್ ಅಕ್ಕಪಕ್ಕ ನೋಡಿ ದನಿ ತಗ್ಗಿಸಿದ. "ನಿಮ್ಹತ್ರ ಹೇಳ್ಬೋದು, ನೀವು ನಾಳೆ ಎಲ್ಲಿರ್ತೀರೋ ನಾನೆಲ್ಲಿರ್ತೀನೋ. ಅವಳ ರೆಂಡಾಂಗ್ ಇದೆಯಲ್ಲ, ಸಿಹಿ. ಒಂದು ಹಿಡಿ ಬೆಲ್ಲ ಹಾಕೋ ಕಡೆ ಮೂರು ಹಿಡಿ ಹಾಕ್ತಾಳೆ. ಇಪ್ಪತ್ತಾರು ವರ್ಷ ಆಯ್ತು. ಮದುವೆಯಾದ ಮೊದಲನೇ ದಿನ ಚೆನ್ನಾಗಿದೆ ಅಂದ್ಬಿಟ್ಟೆ. ಆಮೇಲೆ ಮಾತು ಬದಲಾಯಿಸೋಕೆ ಆಗುತ್ತಾ?"

ಮುದುಕಿ ನಕ್ಕಳು. ಬೊಚ್ಚು ಬಾಯಿ ತುಂಬ ನಕ್ಕು, ಲುಂಗಿಯ ಅಂಚಿನಿಂದ ಕಣ್ಣೊರೆಸಿಕೊಂಡಳು.

"ನಗಬೇಡಿ ಮಕ್‌ಚಿಕ್. ನಂಗೆ ಬೈಸ್ಕೊಳ್ಳೋದು ಅಭ್ಯಾಸ ಇದೆ. ಮಗಳದೇ ಯೋಚನೆ. ಆ ಹುಡುಗನ ಹೆಸರು ಹೇಳ್ವಾಗ ಅವಳ ಮುಖ ನೋಡ್ಬೇಕು ನೀವು. ನನ್ನಿಂದ ಅದು ಕೆಟ್ಟು ಹೋದ್ರೆ..." ಈರುಳ್ಳಿ ಹೆಚ್ಚಿ ಆಗಲೇ ಅರ್ಧ ಗಂಟೆಯಾಗಿದ್ದರೂ ಕಣ್ಣಲ್ಲಿ ನೀರು ಬಂತು.

ಮುದುಕಿ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಅವನ ಕಡೆ ಚಾಚಿದಳು. ಸೌಟಿನಿಂದ ಒಂದಿಷ್ಟು ಸಾರ್ಡೀನ್ ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡಿ, "ಉಪ್ಪು ಸರಿಯಾಗಿದೆ. ಬಡಿಸು," ಎಂದಳು.

ಬಡಿಸಿದ. ಮಳೆಯಲ್ಲಿ ನೆಂದವರಿಗೆ ಬಿಸಿ ಅನ್ನ, ಹುಳಿಖಾರದ ಸಾರ್ಡೀನ್ ಸಿಕ್ಕರೆ ಮತ್ತೇನು ಬೇಕು? ಲೆಚ್ಚುಮಣನ್ ಸೀಟಿಯನ್ನು ಕುತ್ತಿಗೆಯಲ್ಲೇ ಬಿಟ್ಟುಕೊಂಡು ಮೂರು ಸಲ ಹಾಕಿಸಿಕೊಂಡರು. "ರೆಂಡಾಂಗಿಗಿಂತ ಇದೇ ವಾಸಿ," ಎಂದು ಸ್ಯೂ ಲಾನ್ ಕೂಗಿ ಹೇಳಿದಳು. ಐದು ಗಂಟೆಗೆ ಹದಿನೆಂಟು ಡಬ್ಬಿಯೂ ಖಾಲಿಯಾಗಿ, ಮಳೆ ನಿಂತು, ಜನ ಒಬ್ಬೊಬ್ಬರೇ ಕೈ ಮುಟ್ಟಿ ಹೊರಟರು. ಆಗಲೇ ಜಲೇಹಾಳ ಕಾರು ಬಂದು ನಿಂತಿತು.

ಜಲೇಹಾ ಇಳಿದಳು. ಹಿಂದೆ ಅವಳ ಅಕ್ಕ. ಜಲೇಹಾ ಲಾಟೀನು ನೋಡಿದಳು, ಅರವತ್ತು ಕುರ್ಚಿ ನೋಡಿದಳು, ಕೆಸರಿನ ಹೆಜ್ಜೆ ಅಚ್ಚಾಗಿದ್ದ ನೆಲ ನೋಡಿದಳು. ಅಡಿಗೆಮನೆಗೆ ಹೋಗಿ ಪಾತ್ರೆಯ ಮುಚ್ಚಳ ತೆಗೆದು, ಒಳಗೆ ನೋಡಿ, ಮತ್ತೆ ಮುಚ್ಚಿದಳು.

"ರೀ," ಎಂದಳು ಮೆಲ್ಲಗೆ.

ಶಹರೋಮನಿಗೆ ಮೈ ಬೆಚ್ಚಗಾಯಿತು. "ಜಲೇಹಾ, ಗೇಟು..."

"ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಅವ್ರು ಬರ್ತಾರೆ. ನಾನು ಏನಿಡ್ಲಿ ಅವ್ರ ಮುಂದೆ?"

"ಏನೂ ಇಡಬೇಡ," ಎಂದಿತು ಒಂದು ದನಿ. "ನೋಡೋದೆಲ್ಲಾ ನೋಡಿಯಾಯ್ತು."

ಮುದುಕಿ ಕೈ ಒರೆಸಿಕೊಂಡು ನಡುಮನೆಗೆ ಬಂದಿದ್ದಳು. ಸೋಫಾದ ನಟ್ಟನಡುವೆ ಕೂತು, ಲುಂಗಿಯ ಮಡಿಕೆ ಸರಿ ಮಾಡಿಕೊಂಡು, ತಲೆವಸ್ತ್ರ ಎಳೆದುಕೊಂಡಳು. ಆ ಕೂರುವಿಕೆಯಲ್ಲೇ ಏನೋ ಇತ್ತು. ಜಲೇಹಾಳ ಅಕ್ಕ ಅವಳ ಮುಖವನ್ನೇ ನೋಡಿ, "ಯಾ ಅಲ್ಲಾಹ್! ಕ್ವಾಲಾ ಕಾಂಗ್ಸಾರಿನ ಹಾಜಾ ಕಲ್ಸೋಮ್!" ಎಂದವಳೇ ಬಗ್ಗಿ ಕೈಗೆ ಮುತ್ತಿಟ್ಟಳು.

"ಫಿರ್ದೌಸನ ಅಜ್ಜಿ ನಾನು," ಎಂದಳು ಮುದುಕಿ, ಶಹರೋಮನ ಕಡೆ ತಿರುಗಿ. "ಕೆಮ್ಮಲಾ?"

ಶಹರೋಮ್ ನೀರಿನಲ್ಲಿ ನೆಂದು ಸುಕ್ಕಾಗಿದ್ದ ಅವಳ ಬೆರಳುಗಳನ್ನು ನೋಡಿದ. ಐದು ಗಂಟೆ ಕಾಲ ಅವಳ ಕೈಯಲ್ಲಿ ತಟ್ಟೆ ತೊಳೆಸಿದ್ದು, ಮೂಗು ಮುಗಿಲು ಎಲ್ಲ ನೆನಪಾಗಿ ಕಿವಿ ಗುಂಯ್‌ಗುಟ್ಟಿತು. ಮಗಳ ಮುಖ ಕಣ್ಣ ಮುಂದೆ ಬಂತು. ಹೋಯಿತು, ಎಲ್ಲ ಹೋಯಿತು.

"ನಮ್ಮ ಮನೆತನದ ಪದ್ಧತಿ, ಹೆಣ್ಣು ಕೇಳೋ ಮುಂಚೆ ಒಬ್ರು ಬಂದು ಮನೆ ನೋಡ್ಬೇಕು," ಎಂದು ಅಜ್ಜಿ ಜಲೇಹಾಗೆ ಹೇಳಿದಳು. "ಹಬ್ಬದ ದಿನ ಓಪನ್ ಇರೋ ಮನೆಗೆ ಹೋಗೋಕೆ ನೆಪ ಬೇಡವಲ್ಲ. ಮುಂಚೆ ನೋಡಿದ ಎರಡು ಮನೇಲೂ ನಂಗೆ ಒಳ್ಳೇ ಸೋಫಾ ಕೊಟ್ರು, ಒಳ್ಳೇ ಮಾತು ಆಡಿದ್ರು. ಒಂದೂ ನಿಜ ಹೇಳ್ಲಿಲ್ಲ. ನಿನ್ನ ಗಂಡ ಕೈಗೆ ಸೋಪು ಕೊಟ್ಟ, ಎಲ್ಲಾ ನಿಜ ಹೇಳ್ದ. ಮಗಳಿಗೋಸ್ಕರ ಅತ್ತ. ನಂಗೆ ಒಪ್ಪಿಗೆ. ನಾಳೆ ಎಂಟು ಜನ ಅಲ್ಲ, ಉಂಗುರ ತಗೊಂಡು ನಲವತ್ತು ಜನ ಬರ್ತೀವಿ."

ಶಹರೋಮನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಜಲೇಹಾ ಅಜ್ಜಿಯ ಕೈ ಹಿಡಿದು ನಿಜವಾಗಿಯೇ ಅತ್ತಳು. "ನಲವತ್ತಲ್ಲ ನೂರು ಜನ ಬನ್ನಿ ತಾಯಿ. ರಾತ್ರಿ ಎದ್ದಾದ್ರೂ ಹೊಸ ರೆಂಡಾಂಗ್ ಮಾಡ್ತೀನಿ."

"ಬೇಡಮ್ಮ, ಬೇಡ," ಎಂದಳು ಅಜ್ಜಿ ಪ್ರೀತಿಯಿಂದ ಅವಳ ಕೆನ್ನೆ ತಟ್ಟಿ. "ನಿನ್ನ ರೆಂಡಾಂಗ್ ಸಿಹಿ ಜಾಸ್ತಿಯಂತಲ್ಲ, ಮೂರು ಹಿಡಿ ಬೆಲ್ಲ ಹಾಕ್ತೀಯಂತೆ. ಇಪ್ಪತ್ತಾರು ವರ್ಷದಿಂದ ಪಾಪ ಬಾಯಿ ಮುಚ್ಕೊಂಡು ನುಂಗ್ತಿದಾನಂತೆ. ಇವನ ಕೈಲೇ ಸಾರ್ಡೀನ್ ಮಾಡ್ಸು. ಮದುವೆ ಊಟಕ್ಕೂ ಇವನೇ ಮಾಡ್ಲಿ, ನಮ್ಮ ಕಡೆಯವ್ರು ಎಂಟುನೂರು ಜನ ಆಗ್ತಾರೆ ಅಷ್ಟೇ."

ಜಲೇಹಾ ನಿಧಾನವಾಗಿ ಗಂಡನ ಕಡೆ ತಿರುಗಿ ನಕ್ಕಳು.

"ಹೌದಾ ರೀ?" ಎಂದಳು. ಇಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ಶಹರೋಮ್ ಇಪ್ಪತ್ತಾರು ವರ್ಷದಲ್ಲಿ ಕೇಳಿರಲಿಲ್ಲ.

ಭಾನುವಾರ ನಲವತ್ತು ಜನ ಬಂದರು, ಸಾರ್ಡೀನ್ ಉಂಡರು, ನಜೀಹಾಳ ಬೆರಳಿಗೆ ಉಂಗುರ ತೊಡಿಸಿದರು. ಅವಳು ಅಪ್ಪನನ್ನು ತಬ್ಬಿಕೊಂಡು, "ಥ್ಯಾಂಕ್ಸ್ ಅಪ್ಪಾ, ನೀನು ಏನೂ ಮಾಡ್ದೆ ಸುಮ್ನಿದ್ದಿದ್ದಕ್ಕೆ ಎಲ್ಲಾ ಚೆನ್ನಾಗಾಯ್ತು," ಎಂದಳು. ಬೆಳಗಿನ ಐದರಿಂದ ಬಾಣಲೆಯ ಮುಂದೆ ನಿಂತಿದ್ದ ಶಹರೋಮನಿಗೆ ಕೈ ಮೇಲಕ್ಕೆ ಏಳುತ್ತಿರಲಿಲ್ಲ.

ಎಲ್ಲರೂ ಹೋದ ಮೇಲೆ ಜಲೇಹಾ ಅವನನ್ನು ಮೇಜಿನ ಮುಂದೆ ಕೂರಿಸಿ ಒಂದು ತಟ್ಟೆ ಇಟ್ಟಳು. ಹೊಸದಾಗಿ ಮಾಡಿದ ರೆಂಡಾಂಗ್, ಅವನೊಬ್ಬನಿಗೇ ಒಂದು ಇಡೀ ಕೋಳಿ. ಮೇಲೆ ಬೆಲ್ಲದ ಪಾಕ ಹೊಳೆಯುತ್ತಿತ್ತು. ತಾನೂ ಕುರ್ಚಿ ಎಳೆದುಕೊಂಡು ಎದುರಿಗೆ ಕೂತು, ಗಲ್ಲಕ್ಕೆ ಕೈಯಿಟ್ಟುಕೊಂಡು ನೋಡಿದಳು.

ಶಹರೋಮ್ ಒಂದು ತುಂಡು ಬಾಯಿಗಿಟ್ಟ.

"ಹೇಗಿದೆ ರೀ?"

"ಚೆನ್ನಾಗಿದೆ," ಎಂದ ಶಹರೋಮ್.

"ಇನ್ನೊಂದು ಸೌಟು ಹಾಕ್ಲಾ?"

"ಹಾಕು," ಎಂದ.